ದೀಪದ ಪಕ್ಕದ ಲಕೋಟೆ

೨೦೦೬ರ ಆ ಶನಿವಾರ, ಆಕ್ಲೆಂಡಿನ ಮೈದಾನದಲ್ಲಿ ಹಾಕಿ ಆಡುತ್ತಲೇ ಅನಿರುದ್ಧ ಕುಸಿದು ತೀರಿಕೊಂಡನೆಂಬ ಸುದ್ದಿ ಬಂತು. ಸಂಜೆಯೇ ಅವನ ಕಾಲೇಜು ತಂಡದ ಮ್ಯಾನೇಜರ್ ಸುದರ್ಶನ್, ಅದೇ ಊರಿನಲ್ಲಿದ್ದ ಅವನ ಮನೆಗೆ ಬಂದು ಅಜ್ಜಿ ಶಾರದಮ್ಮನವರ ಕೈಗೆ ಲಕೋಟೆ ತುರುಕಿದ.

“ಅಮ್ಮಾ, ಕಾಲೇಜ್ ಹುಡುಗರಿಗೆ ಆಡೋದಕ್ಕೆ ದುಡ್ಡು ಕೊಡೋ ಹಾಗಿಲ್ಲ ಅಂತ ನಿಯಮ. ಅವನಿಗೆ ಗುಟ್ಟಾಗಿ ಕೊಡ್ತಿದ್ವಿ, ಇದು ಕೊನೇದು. ಯಾರಾದ್ರೂ ಕೇಳಿದ್ರೆ ಏನೂ ತಗೊಂಡಿಲ್ಲ ಅನ್ನಿ. ಅವನ ಹೆಸರು ಕೆಡಬಾರದಲ್ವಾ?”

“ನೋವಿನ ಮಾತ್ರೆ ನುಂಗಿ ಆಡಿದೋನು ಅವನು. ಅವನ ಫೋಟೋ ತೋರಿಸಿ ಸ್ಪಾನ್ಸರ್ ಹಿಡಿದೋರು ನೀವು. ಯಾರ ಹೆಸರಪ್ಪಾ ಕೆಡೋದು?”

ಶಾರದಮ್ಮ ಲಕೋಟೆ ಒಡೆದು, ಮೊಮ್ಮಗನ ಫೋಟೋದ ಮುಂದಿನ ದೀಪದ ಪಕ್ಕ ನೋಟುಗಳನ್ನು ಹರಡಿದರು. ದುಃಖ ವಿಚಾರಿಸಲು ಬಂದವರೆಲ್ಲ ನೋಡುತ್ತಿದ್ದರು. “ಕದ್ದ ದುಡ್ಡಲ್ಲಿ ದಾನ ಮಾಡಬಾರದು. ಇದು ಕದ್ದದ್ದಲ್ಲ, ನನ್ನ ಮೊಮ್ಮಗ ಆಡಿ ದುಡಿದದ್ದು. ಹನ್ನೊಂದನೇ ದಿನದ ದಾನ ಇದರಲ್ಲೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸುದರ್ಶನ್ ತಲೆ ತಗ್ಗಿಸಿದ. ಶಾರದಮ್ಮ ದೀಪಕ್ಕೆ ಕೈಮುಗಿದರು: “ಕೃಷ್ಣಾ, ಮಗು ದಣಿದು ನಿನ್ನ ಹತ್ರ ಬಂದಿದೆ. ಅದರ ಜೀವಕ್ಕೆ ಶಾಂತಿ ಕೊಡಪ್ಪಾ.”