ಇನ್ನೊಮ್ಮೆ ಬೈಯಿರಿ ಅಂದ ನಟ

ನೆನೆಸಿಟ್ಟ ಬೀಡಿ ಎಲೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ತಮಿಳು ನಟ ನೆನಪಾಗುತ್ತಾನೆ.

ಅವನು ಸಿನೆಮಾದಲ್ಲಿ ಪಾರ್ಟು ಮಾಡುತ್ತಿದ್ದ, ಕತೆಯನ್ನೂ ಬರೆಯುತ್ತಿದ್ದ. ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಮುಂದಿನ ಸಿನೆಮಾದಲ್ಲಿ ತನ್ನದು ಬೀಡಿ ಕಟ್ಟುವವನ ಪಾರ್ಟು ಎಂದು ಕೆಲಸ ಕಲಿಯಲು ಸೊಲ್ಲಾಪುರದ ನಮ್ಮ ಮನೆಗೆ ಬಂದ. ಮುಂಜಾನೆಯೆಲ್ಲ ಅವ್ವನ ಎದುರು ಕೂತು ಬೀಡಿ ಸುತ್ತಿದ. ಖರೆ ಬೀಡಿಯೊಳಗೆ ತಾನು ಸುತ್ತಿದ್ದೂ ನಡೆದುಹೋಗುತ್ತದೋ ನೋಡೋಣವೆಂದು, ಹೇಳದೆ ಕೇಳದೆ ಅವ್ವನ ಕಟ್ಟುಗಳಲ್ಲಿ ಸೇರಿಸಿಬಿಟ್ಟ.

ಕಾರ್ಖಾನೆಯ ಮೇಸ್ತ್ರಿಯಾದ ಮುಕಾದಮನಿಗೆ ಬೀಡಿ ಒಪ್ಪಿಸಲು ಹೋಗಿದ್ದ ಅವ್ವ ಮಧ್ಯಾಹ್ನ ಬಂದಳು. ಮೊರದ ತುಂಬ ಬೀಡಿ ಹಾಗೇ ಇತ್ತು.

"ಸಡಿಲ ಬೀಡಿ ಬೆರಿಸೀದಿ ಅಂತ ಮುಕಾದಮ ಎಲ್ಲಾ ವಾಪಸ್ ಒಗದಾನ. ನಾಳಿಂದ ಎಲಿ ಕೊಡಂಗಿಲ್ಲ ಅಂದಾನ. ಏ ಸಾಹೇಬಾ, ನಿನ್ನ ನಾಟಕಕ್ಕ ನನ್ನ ಕೂಳೇ ಬೇಕಾಗಿತ್ತೇನು? ನಿನ್ನ ಕೈಗೆ ಹುಳಾ ಬೀಳಲಿ!"

ಅವನ ಕಣ್ಣಲ್ಲಿ ನೀರು ಬಂತು. ಹಾಗೆಯೇ ಜೇಬಿನಿಂದ ವಹಿ ತೆಗೆದ.

"ಅಕ್ಕಾ, ಇನ್ನೊಮ್ಮೆ ಬೈಯಿರಿ. ನಿಧಾನ. ಬರ್ಕೋತೀನಿ."

ಅವ್ವ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಫೋಟೋ ತೆಗೆಯುವವನ ಮುಂದೆ ನಿಂತವಳಂತೆ ಸೆರಗು ಸರಿಮಾಡಿಕೊಂಡಳು. ಆಮೇಲೆ ಅಂದಳು, "ಮೊದಲ ಮುಕಾದಮನ ಕಡೆ ನಡಿ. ಖರೇ ಹೇಳು."

ಹೋದೆವು. ಅವನು ಮುಕಾದಮನ ಮುಂದೆ ತಪ್ಪು ತನ್ನದೆಂದು ಬಿಕ್ಕಿಬಿಕ್ಕಿ ಅತ್ತ. ಮುಕಾದಮ ಗಾಬರಿಯಾಗಿ ಎಲೆ ತೂಗಿ ಕೊಟ್ಟ. ನನಗೂ ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ದಾರಿಯಲ್ಲಿ ಅವ್ವ ಕೇಳಿದಳು: "ಅತ್ತಿದ್ದು ಖರೇನೋ, ಪಾರ್ಟೋ?"

ಅವನು ನಿಂತು ಯೋಚಿಸಿದ. "ನನಗೂ ತಿಳೀಲಿಲ್ಲ ಅಕ್ಕಾ" ಅಂದ. ಅದನ್ನೂ ಬರೆದುಕೊಂಡ.