ಮಂಜುಗಡ್ಡೆಯ ಮೇಲೆ ಕರ್ಪೂರ

"ಹಚ್ಚಬ್ಯಾಡ ಅಂತ ಬಡ್ಕೊಂಡೆ! ಕಿವಿ ಸತ್ತಿದ್ವೇನು ನಿಂಗೆ?" ಮಂಜುಗಡ್ಡೆಯ ಮೇಲೆ ಉರಿಯುತ್ತಿದ್ದ ಕರ್ಪೂರವನ್ನು ಹಾಲಮ್ಮ ಕಾಲಿಂದ ಒದ್ದಳು.

"ಮಗಳು ಹೋಗಿ ವರ್ಷಾತು. ಒಂದು ಆರತಿ ಬೆಳಗದೆ ಹೆಂಗಿರ್ಲಿ?" ಗಂಡ ಕೊಟ್ರೇಶಿ ಗದರಿದ.

ಓಸ್ಲೋದ ಆ ಕೆರೆಯ ಮಂಜುಗಡ್ಡೆಯಲ್ಲಿ ಒಮ್ಮೆ ಬಿದ್ದ ಪ್ರತಿಬಿಂಬ ಹಾಗೇ ಉಳಿಯುತ್ತಿತ್ತು; ಬೇಸಿಗೆಯಲ್ಲಿ ಕರಗಿದರೂ ಚಳಿಗಾಲಕ್ಕೆ ಮತ್ತೆ ಮೂಡುತ್ತಿತ್ತು. ಚಳಿಗಾಲದ ಭಾನುವಾರಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ತಮ್ಮವರನ್ನು ನೋಡಲು ಬರುತ್ತಿದ್ದರು. ಇವರ ಮಗಳು ಚಂಪಾ ಸಾಯುವ ಮೊದಲು ಕೆಂಪು ಕೋಟು ತೊಟ್ಟು ಇಲ್ಲೇ ಬಗ್ಗಿ ನಕ್ಕಿದ್ದಳು. ಈಗ ಕರ್ಪೂರ ಉರಿದ ಜಾಗದಲ್ಲಿ ಅವಳ ಮುಖ ಕರಗಿ ಬರೀ ನೀರಾಗಿತ್ತು.

"ತಡಿಯೇ, ಹೆಪ್ಪುಗಟ್ಟಿದ್ರೆ ಮತ್ತೆ ಬರ್ತಾಳೆ," ಎನ್ನುತ್ತ ಕೊಟ್ರೇಶಿ ಮಂಡಿಯೂರಿ ನೀರಿನ ಮೇಲೆ ಬಾಗಿಯೇ ಇದ್ದ. ನೀರು ಹೆಪ್ಪುಗಟ್ಟಿತು. ಕರಗದೆ ಉಳಿದಿದ್ದ ಮಗಳ ಕೆಂಪು ಕೋಟಿನ ಮೇಲೆ ಅವನದೇ ಅಳುಮುಖ ನಿಂತಿತು.

ಹಾಲಮ್ಮ ಬಗ್ಗಿ ನೋಡಿದಳು. ಬುತ್ತಿಯನ್ನು ಅವನ ಪಕ್ಕದಲ್ಲಿಟ್ಟು ಟ್ರಾಮಿನ ಕಡೆಗೆ ನಡೆದಳು. ಕತ್ತಲಾಗುವವರೆಗೂ ಅವನು ಕಾದ. ಹಾಲಮ್ಮ ಮರಳಿ ಬರಲಿಲ್ಲ.