ಸುಬೇದಾರರನ್ನು ಸೋಲಿಸಿದ ಹುಗ್ಗಿ

ಕಥೆ ಕೇಳುವವರು ‘ಹೂಂ’ ಅನ್ನುತ್ತಿರಬೇಕು, ಇಲ್ಲದಿದ್ದರೆ ಕಥೆ ದಾರಿ ತಪ್ಪಿ ಕಾಡು ಸೇರುತ್ತದೆ ಅನ್ನುತ್ತಿದ್ದಳು ನನ್ನಜ್ಜಿ... ನೀವೂ ಮನಸ್ಸಿನಲ್ಲೇ ಒಮ್ಮೆ ‘ಹೂಂ’ ಅನ್ನಿ.

ಘಟಪ್ರಭೆಯ ದಂಡೆಯಲ್ಲಿ ಒಂದು ಊರು. ಮಿಲಿಟರಿಯಿಂದ ರಿಟೈರ್ ಆಗಿ ಬಂದ ಸುಬೇದಾರ್ ಬಾಳಗೌಡರು ಅಲ್ಲಿ ಪಂಚಾಯ್ತಿ ಅಧ್ಯಕ್ಷರಾದರು. ಜನ ಮೆಚ್ಚಿ, ಎಮ್ಮೆಲ್ಲೆ ಎಲೆಕ್ಷನ್‌ಗೂ ನಿಲ್ಲಿಸಿದರು.

ಹಿಮದ ಬೆಟ್ಟಗಳಲ್ಲಿ ಕಲಿತ ಒಂದು ರೂಢಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ... ತಮ್ಮ ಜವಾನರೆಲ್ಲ ಉಂಡ ಮೇಲೆಯೇ ತಾವು ಉಣ್ಣುವುದು.

ಪ್ರಚಾರದ ಹೊತ್ತಿನಲ್ಲಿ ಹೊಳೆಯಾಚೆಯ ಕೇರಿಯವರು ಅವರನ್ನು ಊಟಕ್ಕೆ ಕರೆದರು. ಲಗಮವ್ವ ಅನ್ನುವ ಮುದುಕಿ ಬೆಳಗಿನಿಂದ ಒಲೆ ಮುಂದೆ ಕೂತು ಗೋಧಿ ಹುಗ್ಗಿ ಮಾಡಿದ್ದಳು. ಬೆಲ್ಲದ ಘಮ ಹೊಗೆಯ ಬೆನ್ನೇರಿ ಹೊಳೆಯ ಮೇಲೆಲ್ಲ ತೇಲುತ್ತಿತ್ತು...

ಎಷ್ಟು ಕರೆದರೂ ಸುಬೇದಾರರು ಕೂರಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿ ತಾವೇ ಬಡಿಸಿದರು.

ಸುತ್ತಲ ಊರಿನವರೂ ಬಂದರು. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಕೊಪ್ಪರಿಗೆ ಬರಿದಾಯಿತು... ಸುಬೇದಾರರು ಬರಿಹೊಟ್ಟೆಯಲ್ಲೇ ನಕ್ಕು, ಕೈಮುಗಿದು, ಜೀಪು ಹತ್ತಿದರು.

ಲಗಮವ್ವ ಬಾಗಿಲಲ್ಲಿ ನಿಂತು ಜೀಪಿನ ಧೂಳನ್ನೇ ನೋಡಿದಳು.

“ನಮ್ಮ ಕೈಯಾಗಿನ ತುತ್ತು ಅವರಿಗೆ ಸೇರಲಿಲ್ಲ, ಬಿಡ್ರಿ.”

ಅವಳು ಅಂದದ್ದು ಇಷ್ಟೇ. ಆ ಮಾತು ಕೇರಿಯಿಂದ ಕೇರಿಗೆ ನಡೆಯಿತು... ಸುಬೇದಾರರು ಸೋತರು.

ಗುಂಡಿಗೆ ಬಗ್ಗದವರನ್ನು ಹುಗ್ಗಿ ಬಗ್ಗಿಸಿತು ಎಂದು ಚಹಾದಂಗಡಿಯಲ್ಲಿ ಜನ ನಗಾಡಿದರು. ಆ ನಗು ಕಿವಿಗೆ ಬಿದ್ದಾಗಲೇ ಅವರಿಗೆ ಸೋತದ್ದು ಯಾಕೆಂದು ಗೊತ್ತಾದದ್ದು.

ಒಂದು ಮಧ್ಯಾಹ್ನ ಒಬ್ಬರೇ ನಡೆದು ಹೊಳೆ ದಾಟಿದರು. ಲಗಮವ್ವನ ಮುಂದೆ ನೆಲದ ಮೇಲೆ ಕೂತು, ತಾನು ಮೇಲು ಕೀಳು ನೋಡುವವನಲ್ಲ, ಎಲ್ಲರೂ ಉಂಡ ಮೇಲೆ ಉಣ್ಣುವುದು ಪಲ್ಟನ್ನಿನ ರೂಢಿ ಎಂದು ತಿಳಿಸಿ ಹೇಳಿದರು.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

“ಎಲ್ಲಾರೂ ಉಂಡ್ರು ಅಂತ ನಿನಗ ಯಾರು ಹೇಳಿದ್ರು, ತಮ್ಮಾ?”

ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿ ಅವಳೇ ಮುಂದುವರಿಸಿದಳು.

“ಕರೆಸಿಕೊಂಡಾವ ಉಪವಾಸ ಹೋದಮ್ಯಾಲ, ಅಡಿಗಿ ಮಾಡಿದಾಕಿ ಗಂಟಲದಾಗ ತುತ್ತು ಇಳೀತದೇನು? ನಿನ್ನ ಸಲುವಾಗಿ ಒಂದು ಬಟ್ಟಲ ಹುಗ್ಗಿ ತಗದಿಟ್ಟಿದ್ದೆ... ನೀ ಒಳಗ ಇಣಕಿ ನೋಡಲಿಲ್ಲ. ಮರುದಿನ ಆಕಳಿಗೆ ಹಾಕಿದೆ.”

ಬಾಗಿಲಾಚೆ ಹೊಳೆಯ ಮೇಲಿನ ಬಿಸಿಲು ಅವರಿಗೆ ಒಂದು ಗಳಿಗೆ ಹಿಮದ ಹಾಗೆ ಕಂಡಿತು...

ಆ ಹಿಮದಲ್ಲಿ, ಮಿಲಿಟರಿ ಅಡುಗೆಮನೆಯಲ್ಲಿ, ರೊಟ್ಟಿ ಸುಡುತ್ತಿದ್ದವನೊಬ್ಬ ಇದ್ದನಲ್ಲ... ಎಲ್ಲರಿಗಿಂತ ಕೊನೆಗೆ ಉಣ್ಣುವವನು ನಾನೇ ಎಂದು ಇಷ್ಟು ವರ್ಷ ಹೆಮ್ಮೆಪಟ್ಟೆನಲ್ಲ... ಅವನು ಯಾವಾಗ ಉಣ್ಣುತ್ತಿದ್ದ?

ಒಂದು ದಿನವೂ ಕೇಳಿರಲಿಲ್ಲ.

ಅವರ ಕಣ್ಣು ತುಂಬಿ ಬಂತು. “ಯವ್ವಾ, ಈಗ ಒಂದು ರೊಟ್ಟಿ ಕೊಡ್ತಿಯೇನು?”

“ಕೊಡ್ತೀನಿ.”

“ನೀನೂ ಕುಂಡ್ರಬೇಕು ಮತ್ತ.”

ಒಲೆಯ ಮುಂದೆ ಇಬ್ಬರೂ ಕೂತು ಉಂಡರು...

ಮುಂದಿನ ಎಲೆಕ್ಷನ್‌ನಲ್ಲಿ ಸುಬೇದಾರರು ಗೆದ್ದರು. ಗೆಲುವಿನ ಊಟ ಅದೇ ಕೇರಿಯಲ್ಲಿ. ದೊಡ್ಡವರೆಲ್ಲ ಹಾರ ಹಿಡಿದು ಹುಡುಕಿದರೆ, ಹೊಸ ಎಮ್ಮೆಲ್ಲೆ ಎಲ್ಲೂ ಕಾಣಲಿಲ್ಲ.

ಅವರು ಹಿತ್ತಲಲ್ಲಿದ್ದರು... ಅಡುಗೆ ಮಾಡಿದ ಹೆಂಗಸರ ಪಂಕ್ತಿಯಲ್ಲಿ, ಎಲ್ಲರ ಕೊನೆಗೆ.

ಲಗಮವ್ವ ಅವರ ತಟ್ಟೆಗೆ ಹುಗ್ಗಿ ಸುರಿದು, ಪಕ್ಕದಲ್ಲೇ ತನ್ನ ತಟ್ಟೆ ಇಟ್ಟುಕೊಂಡು ಕೂತು ಗದರುತ್ತಿದ್ದಳು: “ಈ ಸಲ ಬಿಟ್ಟಿ ಅಂದ್ರ ನೋಡು, ಮತ್ತ ಸೋಲ್ತಿ.”

*

ಕೊನೆಯವರು ನಾವೇ ಎಂದುಕೊಂಡಾಗಲೂ, ನಮಗಿಂತ ಹಿಂದೆ ಹಸಿದು ಕಾಯುವವರೊಬ್ಬರು ಇರುತ್ತಾರೆ.

ಇವತ್ತು ನಿಮಗೆ ಬಡಿಸಿದವರು ಉಂಡರಾ... ಒಳಗೆ ಇಣುಕಿ ಕೇಳಿದಿರಾ?